ನಾವಿಕರ ಪುಟ್ಟ ಮನೆ

ಮೇ 6

ಪ್ರೊಫೆಸರ್ ಅರಾವೆನಾ ಕೊನೆಗೂ ಒಪ್ಪಿದರು. ಪ್ರಬಂಧದ ವಿಷಯ: ವಲ್ಪಾರೈಸೊ ನಗರದ ಬಗ್ಗೆ ಬಂದ ಪ್ರವಾಸ ಲೇಖನಗಳ ಭಾಷೆ ಮತ್ತು ಶೈಲಿ. ಹತ್ತು ವರ್ಷಗಳಲ್ಲಿ ಎಂಟು ದೇಶಗಳ ಪತ್ರಿಕೆಗಳಲ್ಲಿ ಬಂದ ಐವತ್ತೆರಡು ಲೇಖನಗಳು. "ನಿನ್ನೂರಿನ ಬಗ್ಗೆ ಬೇರೆಯವರು ಬರೆದಿದ್ದನ್ನ ಓದ್ತಾ ಹೋದ್ರೆ ಕೋಪ ಬರುತ್ತೆ ಕಣಮ್ಮ. ಬಂದ ಕೋಪಾನ ಅಡಿಟಿಪ್ಪಣಿಗೆ ಹಾಕು, ಮೇಲೆ ತರಬೇಡ" ಎಂದರು. ನನಗೆ ಕೋಪ ಬರುವುದಿಲ್ಲ, ಎಣಿಸಬೇಕು ಅನ್ನಿಸುತ್ತದೆ ಅಷ್ಟೆ, ಎಂದು ಹೇಳಬೇಕೆಂದಿದ್ದೆ. ತಲೆಯಾಡಿಸಿ ಬಂದೆ.

ಕೈಗೆ ಸಿಕ್ಕ ಹನ್ನೆರಡನ್ನು ಓದಿ ಮುಗಿಸಿದೆ. ಇವುಗಳಲ್ಲಿ ಮೆಟ್ಟಿಲುಗಳು ಏರುತ್ತವೆ, ಮನೆಗಳು ಗುಡ್ಡಕ್ಕೆ ಜೋತುಬೀಳುತ್ತವೆ, ನಾಯಿಗಳು ತೂಕಡಿಸುತ್ತವೆ, ಬಟ್ಟೆಗಳು ಗಾಳಿಗೆ ಕುಣಿಯುತ್ತವೆ. ಆದರೆ ಯಾರೂ ಬಟ್ಟೆ ಒಗೆಯುವುದಿಲ್ಲ, ಯಾರೂ ಹರವುವುದಿಲ್ಲ. ಕ್ರಿಯಾಪದಗಳೆಲ್ಲ ಕಲ್ಲು, ತಗಡು, ನಾಯಿಗಳ ಪಾಲು. ಮನುಷ್ಯರಿಗೆ ಉಳಿದಿರುವುದು ನಗುವುದೊಂದೇ, ಅದೂ ಹೆಚ್ಚಾಗಿ ಹಲ್ಲಿಲ್ಲದ ಬಾಯಿಯಿಂದ.

ಅಮ್ಮನಿಗೆ ಇದನ್ನು ಹೇಳಿದೆ. ಅವಳು ಹೊದಿಕೆ ಹಿಂಡುತ್ತಿದ್ದಳು. "ಹಂಗಾದ್ರೆ ಇದೂ ತಾನೇ ನಡ್ಕೊಂಡು ಹೋಗಿ ತಂತಿ ಮೇಲೆ ಕೂತ್ಕೊಳ್ಳಲಿ ಬಿಡು" ಎಂದು ಒದ್ದೆ ಹೊದಿಕೆಯನ್ನು ನನ್ನ ಹೆಗಲಿಗೆ ಎಸೆದಳು.

ಮೇ 20

ಸೋಮವಾರ. ನಮ್ಮಲ್ಲಿ ಪ್ರತಿ ಸೋಮವಾರವೂ ಸತ್ತವರ ದಿನ. ಸಂಜೆ ಅಮ್ಮನ ಜೊತೆ ಅಣ್ಣ ದನಿಲೊನ ಮನೆಗೆ ಮೇಣದಬತ್ತಿ ಹಚ್ಚಲು ಹೋದೆ.

ಅಣ್ಣ ತೀರಿಕೊಂಡು ಬರುವ ತಿಂಗಳಿಗೆ ಆರು ವರ್ಷ. ಗ್ಯಾಸ್ ಸಿಲಿಂಡರ್ ಹೊತ್ತು ಸಾಂತಾ ಬ್ರಿಹಿದಾ ಮೆಟ್ಟಿಲು ಹತ್ತುವಾಗ, ಮಳೆಯಲ್ಲಿ, ತೊಂಬತ್ತಮೂರನೆಯ ಮೆಟ್ಟಿಲಲ್ಲಿ ಜಾರಿದ. ಹಿಡಿದುಕೊಳ್ಳಲು ಅಲ್ಲಿ ಕಂಬಿ ಇರಲಿಲ್ಲ. ಈಗಲೂ ಇಲ್ಲ. ಬಿದ್ದ ಜಾಗದಲ್ಲಿ ಅಮ್ಮ ಮೊಣಕಾಲೆತ್ತರದ ತಗಡಿನ ಮನೆ ಕಟ್ಟಿಸಿದಳು. ಮೇಲಿನ ಓಣಿಯ ದೋನ್ ಬರ್ನಾಬೆ ಹಡಗಿಗೆ ಬಳಿದು ಉಳಿದ ನೀಲಿ ಬಣ್ಣ ತಂದು ಹಚ್ಚಿದರು. ಒಳಗೆ ಅವನ ಹೆಸರು ಕೊರೆದ ತಗಡಿನ ಫಲಕವಿದೆ, ಆದರೆ ಬಾಗಿಲ ಬಳಿ ಜನ ಇಟ್ಟ ಹೂವಿನ ಹಿಂದೆ ಅದು ಕಾಣುವುದು ಕಡಿಮೆ.

ಮೇಣದಬತ್ತಿ ನಿಲ್ಲಿಸಿ ಅಮ್ಮ ಎಂದಿನಂತೆ ಸುದ್ದಿ ಹೇಳಿದಳು: "ತಂಗಿ ಓದ್ತಾ ಇದಾಳೆ ಕಣೋ, ಇನ್ನೂ ಮುಗೀಲಿಲ್ಲ. ಬೆಣ್ಣೆಹಣ್ಣಿನ ಬೆಲೆ ಕೇಳಿದ್ರೆ ನೀನು ಇನ್ನೊಂದ್ಸಲ ಸಾಯ್ತೀಯ."

ಅಲ್ಲಿ ಕೂತಾಗ ಹೊಳೆಯಿತು. ನಮ್ಮ ಕೊಲ್ಲಿ ಇರುವುದು ಉತ್ತರಕ್ಕೆ. ಈ ಗುಡ್ಡದಿಂದ ನೋಡಿದರೆ ಸೂರ್ಯ ಮುಳುಗುವುದು ಎಡಗಡೆ, ಮನೆಗಳ ಹಿಂದೆ, ನೀರಿನ ಟ್ಯಾಂಕಿನ ಬಳಿ. ಇದುವರೆಗೆ ಓದಿದ್ದರಲ್ಲಿ ಹತ್ತೊಂಬತ್ತು ಲೇಖನಗಳು ಇದೇ ಗುಡ್ಡದ ಮೇಲೆ ನಿಂತು ಸೂರ್ಯನನ್ನು ಸಮುದ್ರದಲ್ಲಿ ಮುಳುಗಿಸಿವೆ. ಹೆಚ್ಚಿನವು ಕೊನೆಯ ವಾಕ್ಯದಲ್ಲೇ. ಅವರು ನೋಡಿ ಬರೆದದ್ದಲ್ಲ, ಲೇಖನ ಮುಗಿಯಬೇಕಿತ್ತು.

ಜೂನ್ 3

ಮೂರು ದಿನಗಳಿಂದ ಮಳೆ. ಒಲೆಯ ಪಕ್ಕ ಚೀಟಿಗಳನ್ನು ಹರಡಿಕೊಂಡು ಕೂತಿದ್ದೇನೆ. "ಆದರೂ" ಎಂಬುದಕ್ಕೆ ಬೇರೆ ಚೀಟಿ ಮಾಡಬೇಕಾಯಿತು. ಬಡವಾದರೂ ಹೆಮ್ಮೆಯ, ಶಿಥಿಲವಾದರೂ ಚೆಂದದ, ಕೊಳಕಾದರೂ ಜೀವಂತ. "ಆದರೂ" ಇಲ್ಲದ ಲೇಖನ ಇನ್ನೂ ಸಿಕ್ಕಿಲ್ಲ.

ಲೇಖನ 31ರಲ್ಲಿ ದನಿಲೊ ಸಿಕ್ಕ.

ದನಿಲೊ ಅಲ್ಲ, ಅವನ ಮನೆ. "ಸಾಂತಾ ಬ್ರಿಹಿದಾ ಮೆಟ್ಟಿಲ ನಡುವೆ ನಾವಿಕರ ಪುಟ್ಟ ನೀಲಿ ಮನೆಯಿದೆ. ಕಡಲಿಗೆ ಹೋದವರು ಸುಖವಾಗಿ ಮರಳಲಿ ಎಂದು ಇಲ್ಲಿ ತಲೆಮಾರುಗಳಿಂದ ಮೇಣದಬತ್ತಿ ಉರಿಯುತ್ತಿದೆ." ನಗು ಬಂತು. ದೋಣಿ ಹತ್ತಿದ ಹತ್ತು ನಿಮಿಷಕ್ಕೆ ವಾಂತಿ ಮಾಡುತ್ತಿದ್ದ ಹುಡುಗ ಅವನು. ಉಳಿದವನ್ನು ತಿರುವಿದೆ. ಇನ್ನೂ ಎಂಟು ಲೇಖನಗಳಲ್ಲಿ ಅದೇ ಮನೆ, ಅದೇ ನಾವಿಕರು. ಒಂದರಲ್ಲಿ ತಲೆಮಾರುಗಳು ಶತಮಾನಗಳಾಗಿವೆ.

ಪ್ರೊಫೆಸರ್‌ಗೆ ಫೋನ್ ಮಾಡಿದೆ. ಅವರಿಗೆ ನನಗಿಂತ ಸಂತೋಷ. "ಒಂದು ಸುಳ್ಳಿನ ವಂಶವೃಕ್ಷ! ನಿನ್ನ ಪ್ರಬಂಧದ ನಡುಗಂಬ ಇದೇ. ಯಾರು ಯಾರಿಂದ ಕದ್ದರು ನೋಡು. ಮೊದಲನೆಯವನನ್ನ ಹಿಡಿ."

ಜೂನ್ 11

ಹಿಡಿದೆ. ಲೇಖನ 4, ಆರು ವರ್ಷ ಹಳೆಯದು. ಅದಕ್ಕಿಂತ ಮುಂಚೆ ನಾವಿಕರಿಲ್ಲ.

"ಇದು ನಾವಿಕರಿಗಾಗಿಯೇ ಎಂದು ಕೇಳಿದೆ. ಎದೆಗೆ ಬ್ರೆಡ್ಡಿನ ಚೀಲ ಒತ್ತಿ ಹಿಡಿದಿದ್ದ ಗುಡ್ಡದ ಹುಡುಗಿಯೊಬ್ಬಳು ನಾಚುತ್ತಾ ಹೌದು ಎಂದಳು."

ಜೂನ್ 12

ಅದನ್ನು ಬರೆದವನ ಮೂಗು ಚಳಿಗಾಳಿಗೆ ಸುಲಿದಿತ್ತು. ಅದು ನೆನಪಿದೆ. ದನಿಲೊ ಹೋಗಿ ನಲವತ್ತು ದಿನವೂ ಆಗಿರಲಿಲ್ಲ, ನೀಲಿ ಬಣ್ಣ ಕೈಗೆ ಅಂಟುತ್ತಿತ್ತು. ನಾನು ಸಂಜೆಯ ಚಹಾಕ್ಕೆ ಬ್ರೆಡ್ ತರುತ್ತಿದ್ದೆ. ಅವನು ಅರೆಬರೆ ಭಾಷೆಯಲ್ಲಿ ಮನೆಯನ್ನು ತೋರಿಸಿ, ಸಮುದ್ರವನ್ನು ತೋರಿಸಿ, "ನಾವಿಕರು?" ಎಂದ. ಅಲ್ಲ ಎಂದಿದ್ದರೆ ಮತ್ತೇನು ಎಂದು ಕೇಳುತ್ತಿದ್ದ. ಆಗ ಅಣ್ಣ ಸತ್ತ ಎಂದು ಹೇಳಬೇಕಾಗುತ್ತಿತ್ತು. ಅಷ್ಟರವರೆಗೆ ನಾನು ಆ ಮಾತನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಗುಡ್ಡದಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಹೇಳುವ ಅಗತ್ಯವೇ ಬಂದಿರಲಿಲ್ಲ.

ಹೌದು ಎಂದೆ. ಅವನು ತುಂಬಾ ಧನ್ಯವಾದ ಹೇಳಿದ. ಬ್ರೆಡ್ ಇನ್ನೂ ಬಿಸಿಯಾಗಿತ್ತು.

ಪ್ರೊಫೆಸರ್‌ಗೆ ಲೇಖನ 4ರ ಸಂಖ್ಯೆ ಮಾತ್ರ ಕಳಿಸಿದೆ.

ಜುಲೈ 2

ಮನೆಗೆ ಇಸಿದೊರಾ ಎಂಬ ಹುಡುಗಿ ಬಂದಿದ್ದಳು. ನನ್ನ ವಯಸ್ಸಿನವಳೇ, ಹಳದಿ ರೈನ್‌ಕೋಟು. ಗುಡ್ಡದಲ್ಲಿ "ಬಣ್ಣದ ಹಾದಿ" ಎಂದು ಪ್ರವಾಸಿಗರಿಗೆ ದಾರಿ ಮಾಡುವ ಸಂಸ್ಥೆಯವಳು. ದೋನ್ ಬರ್ನಾಬೆಯೂ ಜೊತೆಗೆ ಬಂದಿದ್ದರು. ಓಣಿ ಸಂಘದ ಅಧ್ಯಕ್ಷರು ಅವರೇ.

ಸಂಸ್ಥೆ ಸಾಂತಾ ಬ್ರಿಹಿದಾ ಮೆಟ್ಟಿಲಿಗೆ ಮೇಲಿನಿಂದ ಕೆಳಗಿನವರೆಗೆ ಕಬ್ಬಿಣದ ಕಂಬಿ ಹಾಕಿಸುತ್ತದೆ, ದೀಪ ಹಾಕಿಸುತ್ತದೆ. ಆದರೆ ತಗಡಿನ ಮನೆಯ ಮುಂದೆ ಪ್ರವಾಸಿಗರು ಗುಂಪುಗಟ್ಟಿ ನಿಂತರೆ ಮೆಟ್ಟಿಲಲ್ಲಿ ಜಾಗವಿಲ್ಲ, ಕಂಬಿಯ ಕಾಲು ಹೂಳುವುದಕ್ಕೂ ಅದೇ ಅಂಚು ಬೇಕು. ಮನೆಯನ್ನು ಮೇಲಿನ ಕಟ್ಟೆಗೆ, ಸಮುದ್ರ ಕಾಣುವ ಜಾಗಕ್ಕೆ ಒಯ್ದು ಇಡೋಣ ಎಂದಳು.

"ಎಷ್ಟು ದೂರ ಅಮ್ಮಾ, ನಲವತ್ತು ಮೀಟರ್."

"ಸಮುದ್ರಕ್ಕೆ ಮುಖ ಮಾಡಿ ಅವನಿಗೇನು ಆಗ್ಬೇಕು?" ಅಮ್ಮ ಕೇಳಿದಳು.

"ಒಳ್ಳೆ ಜಾಗ ಅಲ್ವಾ? ಹೊಸ ಬಣ್ಣ ಹಚ್ತೀವಿ. ಗಾಜಿನ ಬಾಗಿಲು ಇಡ್ತೀವಿ."

"ನೋಡವ್ವಾ. ಸ್ಮಶಾನದಲ್ಲಿ ಇರೋದು ಅವನ ಮೈ. ಜೀವ ಬಿದ್ದಿದ್ದು ಆ ಮೆಟ್ಟಿಲ ಮೇಲೆ, ಇರೋದೂ ಅಲ್ಲೇ. ನೀನು ಮನೆ ಎತ್ಕೊಂಡು ಹೋದ್ರೆ ಅವನು ಹಿಂದೆ ಬರಲ್ಲ. ಬಯಲಲ್ಲಿ ಕೂತಿರ್ತಾನೆ, ಮಳೇಲಿ."

ಇಸಿದೊರಾ ನೆಲ ನೋಡಿದಳು. ಕೆಟ್ಟವಳಲ್ಲ. ನಿಯಮ ಹೇಳಿದಳು: ಅದು ಒಂದು ಮನೆತನದ ನೆನಪಿನ ಗುಡಿಯಾದರೆ ಮನೆಯವರ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿಲ್ಲ. ಊರಿನ ಹಳೆಯ ಹರಕೆಯ ಜಾಗವಾದರೆ ತೀರ್ಮಾನ ಓಣಿ ಸಂಘದ್ದು. "ನಮ್ಮ ಹತ್ರ ಇರೋ ದಾಖಲೆಗಳೆಲ್ಲ ನಾವಿಕರದ್ದು ಅಂತಾನೇ ಹೇಳ್ತವೆ."

"ಯಾವ ದಾಖಲೆ?"

"ಒಂಬತ್ತು ಪತ್ರಿಕೆ, ಅಮ್ಮಾ."

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಓದೋದು ಅದನ್ನೇ ಅಲ್ವಾ ಮರೀ? ಹೇಳು ಇವರಿಗೆ."

ಎಲ್ಲ ಒಬ್ಬರನ್ನೊಬ್ಬರು ನೋಡಿ ಬರೆದದ್ದು ಎಂದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ದೋನ್ ಬರ್ನಾಬೆ ಕಿವಿಗೆ ಕೈ ಇಟ್ಟು, "ಸಣಕಲೀ, ಈ ಕಿವಿ ನಲವತ್ತು ವರ್ಷ ಹಡಗಿನ ಹೊಟ್ಟೇಲಿ ಸುತ್ತಿಗೆ ಸದ್ದು ಕೇಳಿರೋದು. ಸ್ವಲ್ಪ ಗಂಟಲು ತೆಗಿ!" ಎಂದರು.

ಜುಲೈ 14

ಇವತ್ತು ಚಹಾದ ಹೊತ್ತಿಗೆ ಅಮ್ಮ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಹಿಸುಕುತ್ತಾ, "ಮೊದಲು ಬರ್ದವನದ್ದು ಯಾವುದೋ ಅದನ್ನ ನಮ್ಮ ಭಾಷೇಲಿ ಓದು" ಎಂದಳು.

ಲೇಖನ 4 ಓದಿದೆ. ಓದುತ್ತಲೇ ಅನುವಾದ ಮಾಡುವುದು ನನಗೆ ಸುಲಭ. ಟ್ಯಾಕ್ಸಿ ಚಾಲಕನಿಂದ ಶುರುವಾಗಿ ಹಲ್ಲಿಲ್ಲದ ಮುದುಕನ ಮೂಲಕ ಮೆಟ್ಟಿಲಿನವರೆಗೆ ಬಂದೆ. ಹುಡುಗಿ ಇರುವ ವಾಕ್ಯ ಬಂದಾಗ ಅದನ್ನು ದಾಟಿ ಮುಂದಿನದಕ್ಕೆ ಹೋದೆ. ಉಸಿರು ಕೂಡ ತಡೆಯಲಿಲ್ಲ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಚೆನ್ನಾಗಿ ಬರ್ದಿದಾನೆ ಪಾಪಿ" ಎಂದಳು. ಚಮಚ ಕೆಳಗಿಟ್ಟು, "ಇವನಿಗೆ ಯಾರೋ ಹೇಳಿರ್ಬೇಕು. ನಮ್ಮ ಪೈಕಿ ಯಾರೋ. ಹೊರಗಿನವನಿಗೆ ಹಂಗೆ ತಾನಾಗಿ ಹೊಳೆಯಲ್ಲ."

ಬ್ರೆಡ್ ತಿನ್ನಲಾಗಲಿಲ್ಲ. ಆ ಲೇಖನ ನಿಜಕ್ಕೂ ಚೆನ್ನಾಗಿದೆ. ವಾಕ್ಯಗಳು ಗಿಡ್ಡ, ಉಸಿರಿಗೆ ತಕ್ಕಂತೆ. ಇದನ್ನು ಮೊದಲ ಸಲ ಗಮನಿಸಿದೆ.

ಜುಲೈ 28

ಸಭೆಗೆ ಒಂದು ಪತ್ರ ಬರೆದುಕೊಡು ಎಂದು ಅಮ್ಮ ಕೇಳಿದ್ದಾಳೆ. ಮನೆಯಲ್ಲಿ ಓದಿದವಳು ನಾನೊಬ್ಬಳೇ ತಾನೆ. ಏಳು ಸಲ ಬರೆದೆ. ಬೇಕಿರುವುದು ಒಂದೇ ವಾಕ್ಯ: ಆ ಹುಡುಗಿ ನಾನು, ನಾನು ಹೇಳಿದ್ದು ಸುಳ್ಳು. ಆ ವಾಕ್ಯ ಸಿಕ್ಕರೆ ಒಂಬತ್ತು ಪತ್ರಿಕೆಗಳೂ ಬಿದ್ದುಹೋಗುತ್ತವೆ. ಮೆಟ್ಟಿಲು ಅಣ್ಣನಿಗೆ ಉಳಿಯುತ್ತದೆ.

ಏಳು ಸಲವೂ ಪತ್ರ "ಬಂದರಿನ ಮೇಲಿನ ಈ ಹಳೆಯ ಗುಡ್ಡದಲ್ಲಿ" ಎಂದು ಶುರುವಾಯಿತು. ಹೊಡೆದುಹಾಕಿದರೂ ಮತ್ತೆ ಅಲ್ಲಿಂದಲೇ ಶುರು. ದಿನವಿಡೀ ಅದನ್ನೇ ಓದಿದ್ದರ ದಣಿವು ಇರಬೇಕು.

ಎಂಟನೆಯ ಸಲ ಆ ಒಂದೇ ವಾಕ್ಯ ಬರೆದು, ಸಹಿ ಹಾಕಿ, ಮಡಿಸಿ ಕೋಟಿನ ಜೇಬಿಗೆ ಇಟ್ಟಿದ್ದೇನೆ.

ಆಗಸ್ಟ್ 10

ಮಧ್ಯಾಹ್ನ ಸಂಘದ ಕೋಣೆಯಲ್ಲಿ ಸಭೆ. ನಲವತ್ತೈದು ಜನ, ಮೂವತ್ತು ಕುರ್ಚಿ.

ಇಸಿದೊರಾ ಒಂಬತ್ತು ಲೇಖನಗಳನ್ನು ಗೋಡೆಯ ಮೇಲೆ ಒಂದೊಂದಾಗಿ ತೋರಿಸಿದಳು. ದೋನ್ ಬರ್ನಾಬೆ ಮೇಜು ಕುಟ್ಟಿದರು. "ಅಲ್ಲಮ್ಮಾ, ಬಣ್ಣ ಹಚ್ಚಿದೋನು ನಾನು! ಶತಮಾನ ಅಂತೆ! ನನ್ನ ನೋಡಿದ್ರೆ ಶತಮಾನ ಆದಂಗೆ ಕಾಣುತ್ತಾ?"

"ಕಾಣುತ್ತೆ" ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

"ನೀವು ಹಚ್ಚಿದ್ದು ನಿಜಾನೇ ದೋನ್ ಬರ್ನಾಬೆ" ಎಂದಳು ಇಸಿದೊರಾ. "ಆದ್ರೆ ಅದಕ್ಕೆ ಮುಂಚೇನೂ ಅಲ್ಲಿ ಏನೋ ಇದ್ದಿರಬಹುದಲ್ವಾ? ಈ ಗುಡ್ಡದವರೇ ಒಬ್ಬರು ಹೇಳಿದ್ದು ಅಂತ ಬರೆದಿದೆ. ನೋಡಿ. ಗುಡ್ಡದ ಹುಡುಗಿಯೊಬ್ಬಳು."

ಗೋಡೆಯ ಮೇಲೆ ಆ ವಾಕ್ಯ ಇತ್ತು, ನಮ್ಮ ಸ್ಪ್ಯಾನಿಷ್‌ನಲ್ಲಿ, ದೊಡ್ಡ ಅಕ್ಷರಗಳಲ್ಲಿ. ಬ್ರೆಡ್ಡಿನ ಚೀಲ, ನಾಚಿಕೆ, ಎಲ್ಲವೂ.

"ಯಾವ ಮುಟ್ಠಾಳಿ ಹೇಳಿದ್ದು?" ದೋನ್ ಬರ್ನಾಬೆ ಎದ್ದು ನಿಂತರು. "ಇಲ್ಲಿದ್ರೆ ಎದ್ದು ನಿಲ್ಲಲಿ! ನಾವೇನು ತಿಂದುಬಿಡಲ್ಲ!"

ಅಮ್ಮ ಕೂತಲ್ಲೇ ತಿರುಗಿ ಕೋಣೆಯನ್ನು ನೋಡಿದಳು. ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಪಕ್ಕದಲ್ಲಿದ್ದ ನನ್ನನ್ನು ಮಾತ್ರ ನೋಡಲಿಲ್ಲ.

ಜೇಬಿನಲ್ಲಿ ಕಾಗದದ ಅಂಚು ಬೆರಳಿಗೆ ತಾಗುತ್ತಿತ್ತು. ಅದನ್ನು ಅರ್ಧ ಹೊರಗೆಳೆದು ಮತ್ತೆ ಒಳಕ್ಕೆ ತಳ್ಳಿದೆ. ಇಸಿದೊರಾ ನನ್ನ ಕಡೆ ನೋಡಿ, "ನೀವು ಇದನ್ನೇ ಅಧ್ಯಯನ ಮಾಡ್ತಿದೀರಂತೆ. ಈ ಒಂಬತ್ತರಲ್ಲೂ ಇದು ಇರೋದು ನಿಜ ತಾನೆ?" ಎಂದು ಕೇಳಿದಳು. ಅವಳ ದನಿಯಲ್ಲಿ ಗೌರವವಿತ್ತು.

ಹೌದು ಎಂದೆ.

ಕಂಬಿ ಬೇಕು ಎಂದು ಆಮೇಲೆ ಮುದುಕಿಯರು ಒಬ್ಬೊಬ್ಬರೇ ಎದ್ದು ಹೇಳಿದರು. ಒಬ್ಬಾಕೆ ಅಮ್ಮನ ಕೈ ಹಿಡಿದು ಅತ್ತು, "ಕಂಬಿ ಇದ್ದಿದ್ರೆ ನಿನ್ನ ಮಗ ಇರ್ತಿದ್ದ ಕಣೇ ಒರ್ತೆನ್ಸಿಯಾ" ಎಂದಳು. ಕೈ ಎತ್ತಿಸಿದರು. ಒಯ್ಯಬೇಕು ಎಂದವರು ಮೂವತ್ತೊಂದು. ಬೇಡ ಎಂದವರು ಹದಿನಾಲ್ಕು. ನಾನು ಬೇಡ ಎಂದು ಕೈ ಎತ್ತಿದೆ.

ಆಗಸ್ಟ್ 11

ಮಳೆ.

ಆಗಸ್ಟ್ 30

ಬೆಳಿಗ್ಗೆ ಹತ್ತಕ್ಕೆ ಇಬ್ಬರು ಕೆಲಸಗಾರರು ಬಂದು ಮನೆಯನ್ನು ಬುಡದಿಂದ ಬಿಡಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಬ್ಬರೂ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡೇ ಮುಟ್ಟಿದರು. ಹೆಸರಿನ ಫಲಕ ಹೊಸ ಜಾಗದಲ್ಲಿ ಬೇಡವಂತೆ, ಬಂದವರಿಗೆ ಗೊಂದಲವಾಗುತ್ತದಂತೆ. ಇಸಿದೊರಾ ಅದನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟಳು. ಅಮ್ಮ ಅದನ್ನು ಅಡುಗೆಮನೆಯಲ್ಲಿ ಚಹಾದ ಡಬ್ಬಿಯ ಹಿಂದೆ ಇಟ್ಟಿದ್ದಾಳೆ.

ತೊಂಬತ್ತಮೂರನೆಯ ಮೆಟ್ಟಿಲಲ್ಲಿ ನಾಲ್ಕು ತೂತುಗಳಿವೆ, ಸುತ್ತ ಮೇಣದ ಕಲೆ. ಮನೆ ಎತ್ತಿದ ಜಾಗದ ಸಿಮೆಂಟು ಉಳಿದ ಕಡೆಗಿಂತ ಬಿಳಿಯಾಗಿದೆ.

ಸೆಪ್ಟೆಂಬರ್ 24

ಪ್ರಬಂಧ ಒಪ್ಪಿಗೆಯಾಯಿತು, ಅತ್ಯುತ್ತಮ ದರ್ಜೆಯಲ್ಲಿ. ವಂಶವೃಕ್ಷದ ಅಧ್ಯಾಯವನ್ನು ಪರೀಕ್ಷಕರು ಮೂವರೂ ಹೊಗಳಿದರು. "ಆ ಹುಡುಗಿ ಯಾರೂಂತ ಗೊತ್ತಾಯ್ತಾ?" ಎಂದು ಒಬ್ಬರು ಕೇಳಿದರು. ಅಡಿಟಿಪ್ಪಣಿಯಲ್ಲಿ "ಸ್ಥಳೀಯ ಯುವತಿ, ಗುರುತು ಸಿಕ್ಕಿಲ್ಲ" ಎಂದು ಬರೆದಿದ್ದೇನೆ. ಅದನ್ನೇ ಓದಿದೆ. ಪ್ರೊಫೆಸರ್ ಅರಾವೆನಾ ಹೊರಗೆ ಬಂದು ಅಪ್ಪಿಕೊಂಡರು. "ಎಲ್ಲೂ ಕೋಪ ಇಲ್ಲ ಕಣೇ. ಒಂದು ಸಾಲಲ್ಲೂ ಇಲ್ಲ."

ಮನೆಗೆ ಬಂದಾಗ ಅಮ್ಮ ಕೇಕ್ ತಂದಿಟ್ಟಿದ್ದಳು. ಅಂದರೆ ಒಂದು ಕೇಕ್ ಇತ್ತು, ಮೂರು ತಟ್ಟೆಗಳು ಕಾಯುತ್ತಿದ್ದವು, ಒಂದು ಅಣ್ಣನದು.

ಅಕ್ಟೋಬರ್ 8

ಇಸಿದೊರಾ ಕೆಲಸಕ್ಕೆ ಕರೆದಳು. ಹಾದಿಯ ಹನ್ನೊಂದು ನಿಲುಗಡೆಗಳಿಗೆ ಫಲಕದ ಬರಹ ಬೇಕಂತೆ, ಪ್ರತಿಯೊಂದಕ್ಕೂ ನಲವತ್ತು ಪದ. ವಾರಕ್ಕೆ ಮೂರು ದಿನ ಗುಂಪುಗಳ ಜೊತೆ ನಡೆಯಬೇಕು. "ಈ ಭಾಷೆ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ" ಎಂದಳು. ಬೇರೆ ಎಲ್ಲೂ ಕೆಲಸವಿಲ್ಲ. ಮೂರು ಶಾಲೆಗಳಿಂದ ಉತ್ತರವೇ ಬಂದಿಲ್ಲ.

ಅಮ್ಮನಿಗೆ ಹೇಳಿದೆ. "ಮಾತಾಡ್ಬೇಕಾಗುತ್ತಲ್ಲ" ಎಂದಳು. "ಜನರ ಮುಂದೆ."

"ಬರ್ಕೊಂಡು ಓದಿದ್ರಾಯ್ತು."

"ಸರಿ ಹಂಗಾದ್ರೆ" ಎಂದಳು.

ಅಕ್ಟೋಬರ್ 19

ಹತ್ತು ಫಲಕ ಮುಗಿದವು. ಹನ್ನೊಂದನೆಯದು ಸುಲಭವಾಗಿ ಬಂತು, ಒಂದೇ ಸಲಕ್ಕೆ, ಎಣಿಸಿದರೆ ಸರಿಯಾಗಿ ನಲವತ್ತು. ನಾವಿಕರ ಮನೆಗೆ ಗಾಜಿನ ಬಾಗಿಲು ಬಂದಿದೆ. ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ.

ನವೆಂಬರ್ 4

ಸೋಮವಾರ. ಬಂದರಿನ ಮೇಲಿನ ಈ ಹಳೆಯ ಗುಡ್ಡದಲ್ಲಿ ವಸಂತ ಇಳಿದಿದೆ. ಮೆಟ್ಟಿಲುಗಳು ಬಣ್ಣಬಣ್ಣದ ತಗಡಿನ ಗೋಡೆಗಳ ನಡುವೆ ಏರುತ್ತವೆ, ಹೊಸ ಕಂಬಿಯ ನೆರಳಲ್ಲಿ ನಾಯಿಗಳು ತೂಕಡಿಸುತ್ತವೆ, ಕಿಟಕಿಗಳಿಂದ ಹೊದಿಕೆಗಳು ಕುಣಿಯುತ್ತವೆ. ಶಿಥಿಲವಾದರೂ ಚೆಂದ.

ಸಂಜೆಯ ಗುಂಪಿನಲ್ಲಿ ಹದಿನಾಲ್ಕು ಜನರಿದ್ದರು. ಕೆಳಗಿನಿಂದ ಹತ್ತಿಕೊಂಡು ಬರುವಾಗ ಮೆಟ್ಟಿಲ ನಡುವೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಬರಿಯ ಸಿಮೆಂಟಿನ ಮೇಲೆ ಮೇಣದಬತ್ತಿ ನಿಲ್ಲಿಸಿ, ಗಾಳಿಗೆ ಆರದಂತೆ ತಗಡಿನ ತುಂಡೊಂದನ್ನು ಅಡ್ಡ ಹಿಡಿದಿದ್ದಳು. ತುಂಡಿನ ಮೇಲೆ ಏನೋ ಅಕ್ಷರಗಳಿದ್ದವು, ಬೆರಳುಗಳು ಅವನ್ನು ಮುಚ್ಚಿದ್ದವು. ಗುಂಪು ತಾನಾಗಿ ನಿಂತಿತು.

ಒಬ್ಬ ಹುಡುಗಿ, ಕನ್ನಡಕದವಳು, ಕೈಯಲ್ಲಿ ಪುಟ್ಟ ಪುಸ್ತಕ ಹಿಡಿದವಳು, ಬಗ್ಗಿ ಸಮುದ್ರದ ಕಡೆ ತೋರಿಸಿ ಕೇಳಿದಳು: "ಇದೂ ನಾವಿಕರಿಗಾ, ಅಜ್ಜಿ?"

ಅಮ್ಮ ತಲೆ ಎತ್ತಿದಳು. ಹುಡುಗಿಯನ್ನಲ್ಲ, ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಹೌದು ಕಣಮ್ಮ" ಎಂದಳು. "ನಾವಿಕರಿಗೆ."

ಹುಡುಗಿ ಬರೆದುಕೊಂಡಳು. ಅಮ್ಮ ನಕ್ಕಳು. ನಾವು ಮೇಲಕ್ಕೆ ಹೋದೆವು. ಕಟ್ಟೆಯ ಮೇಲೆ ನಾವಿಕರ ಪುಟ್ಟ ಮನೆ ಎಂದಿನಂತೆ ಕಡಲಿಗೆ ಮುಖ ಮಾಡಿ ಕಾಯುತ್ತಿತ್ತು. ನಾನು ಫಲಕ ಓದಿದೆ, ದನಿ ನಡುಗಲಿಲ್ಲ. ಹಿಂದಿನ ಸಾಲಿನವರಿಗೂ ಕೇಳಿಸಿತಂತೆ. ಎಲ್ಲರೂ ಸುಮ್ಮನೆ ನಿಂತು ನೋಡುತ್ತಿದ್ದಂತೆ ಸೂರ್ಯ ಮೆಲ್ಲಗೆ ಸಮುದ್ರದಲ್ಲಿ ಮುಳುಗಿದ.